ಮಡಿಕೆಯ ಆಚೆಗೊಂದು ಹನಿ

ಆಕ್ಸಿಜನ್ ಸಿಲಿಂಡರು ತಳ್ಳಿಕೊಂಡು ಹೋದವನ ಪ್ಯಾಂಟಿನ ಎಡಗಾಲಿನ ಹೆಮ್ಮಿಂಗ್ ಬಿಚ್ಚಿದೆ, ಗೇಣುದ್ದ ದಾರ ನೆಲ ಗುಡಿಸುತ್ತಿದೆ, ಯಾವ ಪುಣ್ಯಾತ್ಮ ಹೊಲಿದನೋ ಇದನ್ನು, ಮೆಷಿನ್ನಿನಲ್ಲಿ ಸರಸರ ಓಡಿಸಿ ಕೊನೆಗೊಂದು ಗಂಟು ಕೂಡ ಹಾಕದೆ ಕತ್ತರಿಸಿದ್ದಾನೆ, ನಮ್ಮ ಅಂಗಡಿಯಲ್ಲಾಗಿದ್ದರೆ ಕೈಯಲ್ಲೇ ಹೊಲಿಯುತ್ತಿದ್ದೆ, ಹೊರಗಿನಿಂದ ನೋಡಿದರೆ ಹೊಲಿಗೆ ಇದೆಯೆಂದೇ ತಿಳಿಯಬಾರದು ಹಾಗೆ — ಆ ಸಿಲಿಂಡರು ನನ್ನ ಹೆಂಡತಿಗೇ ಇರಬೇಕು, ಅವಳಿರುವ ಬಾಗಿಲೊಳಗೇ ಹೋಯಿತು, ಬಾಗಿಲು ಹಿಂದಕ್ಕೂ ಮುಂದಕ್ಕೂ ಎರಡು ಸಲ ಆಡಿ ನಿಂತಿತು, ಅಷ್ಟರಲ್ಲಿ ಸಂದಿಯಲ್ಲಿ ಅವಳ ಕಾಲು ಕಂಡಿತು, ಕಾಲಲ್ಲ, ಮೊಣಕಾಲ ಕೆಳಗಿನ ಪ್ಲಾಸ್ಟರು, ಅದರ ತುದಿಯಲ್ಲಿ ಐದು ಬೆರಳು. ಬೆರಳು ಆಡಿಸ್ತಾ ಇರಮ್ಮ, ಸುಮ್ನೆ ಮಲಗಿರ್ಬೇಡ ಅಂದಿದ್ದರು ಮೂಳೆ ಡಾಕ್ಟರು, ಆಡಿಸುತ್ತಿದ್ದಳು ಪಾಪ, ಬೆಳಿಗ್ಗೆ ನೂರು ಸಂಜೆ ನೂರು, ಎಣಿಸುವಾಗ ತುಟಿ ಮಾತ್ರ ಅಲುಗುತ್ತಿತ್ತು, ಅಂಗಡಿಯಲ್ಲಿ ಗುಂಡಿ ಎಣಿಸುವಾಗಿನ ಹಾಗೆಯೇ. ಈಗ ಆಡುತ್ತಿರಲಿಲ್ಲ. ನಾನು ಸರಿಯಾಗಿ ನೋಡಲಿಲ್ಲವೇನೋ.

ಹನ್ನೆರಡು ಗಂಟೆ ಐದು ನಿಮಿಷ, ಗೋಡೆಯ ಗಡಿಯಾರದ ಮುಳ್ಳು ಪ್ರತಿ ನಿಮಿಷಕ್ಕೂ ಒಂದಿಷ್ಟು ನಡುಗಿ ಮುಂದೆ ಹೋಗುತ್ತದೆ, ಡಾಕ್ಟರು ನನ್ನನ್ನು ಕೇಳಿದಾಗ ಹನ್ನೊಂದೂ ಐದು, ಅವರ ತಲೆಯ ಹಿಂದೆಯೇ ಈ ಗಡಿಯಾರವಿತ್ತು, ನಾನು ಅವರ ಮುಖ ಬಿಟ್ಟು ಇದನ್ನೇ ನೋಡುತ್ತಿದ್ದೆ. ಕಾಲಲ್ಲಿ ರಕ್ತ ಹೆಪ್ಪುಗಟ್ಟಿ, ಆ ಗಡ್ಡೆ ಮೇಲಕ್ಕೆ ಹೋಗಿ ಶ್ವಾಸಕೋಶದಲ್ಲಿ ಸಿಕ್ಕಿಕೊಂಡಿದೆ, ಅದಕ್ಕೇ ಉಸಿರಾಡೋಕೆ ಆಗ್ತಿಲ್ಲ, ಆಪರೇಷನ್ ಆಗಿ ಎಷ್ಟು ದಿನ, ಹದಿನಾರು ದಿನ ಸಾರ್, ಹೆಪ್ಪುಗಟ್ಟಬಾರದು ಅಂತ ಹೊಟ್ಟೆಗೆ ಇಂಜೆಕ್ಷನ್ ಬರೆದಿದ್ರಲ್ಲ, ಕೊಟ್ರಾ, ಕೊಟ್ಟೆ ಸಾರ್, ಮನೆಗೆ ಬಂದ ಮೇಲೆ ಹದಿನಾಲ್ಕು ದಿನ, ಒಂದೂ ತಪ್ಪಿಲ್ಲ, ದಿನಾ ಬೆಳಿಗ್ಗೆ ಒಂಬತ್ತಕ್ಕೆ, ಇವತ್ತೂ ಕೊಟ್ಟಿದ್ದೀನಿ, ಯಾರು ಕೊಟ್ಟಿದ್ದು, ನಾನೇ. ಔಷಧಿ ಪೂರ್ತಿ ಒಳಗೆ ಹೋಗಿತ್ತಾ? ಹೋಗ್ದೆ ಎಲ್ಲಿ ಹೋಗುತ್ತೆ ಸಾರ್ — ಅಂದೆ, ನಕ್ಕೆ ಕೂಡ, ದೇವರೇ, ಆ ಹೊತ್ತಿನಲ್ಲಿ ನಕ್ಕೆನಲ್ಲ. ಡಾಕ್ಟರು ನಗಲಿಲ್ಲ, ಹಣೆ ಉಜ್ಜಿಕೊಂಡರು, ನೋಡಿ ಯಜಮಾನ್ರೇ, ಇಷ್ಟು ದಿನ ಔಷಧಿ ತಗೊಂಡೂ ಹೆಪ್ಪುಗಟ್ಟಿದೆ ಅಂದ್ರೆ ನಾನು ಹುಷಾರಾಗಿರಬೇಕು, ಕೆಲವರಿಗೆ ಈ ಔಷಧಿಯೇ ತಿರುಗಿಬೀಳುತ್ತೆ, ಹಾಗೇನಾದ್ರೂ ಆಗಿದ್ರೆ ಇದೇ ಜಾತಿಯದ್ದು ಇನ್ನೊಂದು ಹನಿ ಕೊಟ್ರೂ ಪ್ರಾಣಕ್ಕೇ ಬರುತ್ತೆ, ರಕ್ತಪರೀಕ್ಷೆಗೆ ಕಳಿಸಿದ್ದೀನಿ, ಬೇರೆ ಔಷಧಿ ದೊಡ್ಡ ಆಸ್ಪತ್ರೆಯಿಂದ ತರಿಸ್ತಿದ್ದೀನಿ, ಯಾವುದು ಮೊದಲು ಬರುತ್ತೋ ನೋಡೋಣ, ಅಲ್ಲಿವರೆಗೆ ಕೈ ಕಟ್ಟಿದ ಹಾಗೆ. ಕೈ ಕಟ್ಟಿದ ಹಾಗೆ ಅಂದರು. ಆ ಕೈಯನ್ನು ಕಟ್ಟಿದವನು ನಾನೇ, ಅವರೆದುರಿಗೇ ನಿಂತಿದ್ದೆ.

ಮಗಳು ಪಕ್ಕದ ಕುರ್ಚಿಯಲ್ಲಿ ಕೂತಿದ್ದಾಳೆ, ಮೊಬೈಲಿನಲ್ಲಿ ಏನೋ ಓದುತ್ತಿದ್ದಾಳೆ, ಓದಿದಷ್ಟೂ ಮುಖ ಸಣ್ಣದಾಗುತ್ತಿದೆ. ಅಪ್ಪಾ, ಔಷಧಿ ಇದ್ದೂ ಹೀಗಾದ್ರೆ ಒಳಗೆ ಬೇರೆ ಏನಾದ್ರೂ ದೊಡ್ಡ ಕಾಯಿಲೆ ಇರಬಹುದಂತೆ, ಅಮ್ಮ ಇತ್ತೀಚೆಗೆ ಇಳಿದುಹೋಗಿದ್ಳಲ್ವಾ, ನಾವ್ಯಾರೂ ಗಮನಿಸ್ಲೇ ಇಲ್ವಲ್ಲ ಅಪ್ಪಾ. ಸುಮ್ನಿರು, ಅದನ್ನೆಲ್ಲ ಓದ್ಬೇಡ ಅಂದೆ, ಗದರಿಸುವ ದನಿಯಲ್ಲೇ ಅಂದೆ, ನನ್ನ ದನಿಗೆ ಬೇರೆ ರೀತಿ ಗೊತ್ತೇ ಇಲ್ಲ. ಅವಳು ಹೇಳಿದ್ದಳು, ಇದೇ ಮಗಳು, ಡಿಸ್ಚಾರ್ಜಿನ ದಿನ, ಅಪ್ಪಾ ನಮ್ಮ ಬೀದಿಯ ಕ್ಲಿನಿಕ್ಕಿನ ನರ್ಸ್ ದಿನಾ ಬಂದು ಕೊಟ್ಟು ಹೋಗ್ತಾರಂತೆ, ಕೇಳಿಕೊಂಡು ಬಂದಿದ್ದೀನಿ, ಹೂಂ ಅನ್ನು. ನನಗೆ ಎಲ್ಲಿಲ್ಲದ ಉರಿ ಹತ್ತಿತು, ಮೂವತ್ತೈದು ವರ್ಷ ಸೂಜಿ ಹಿಡಿದ ಕೈ ಇದು, ಕನ್ನಡಕ ಇಲ್ಲದೆ ದಾರ ಪೋಣಿಸ್ತೀನಿ, ನನ್ನ ಹೆಂಡತಿಗೆ ಚುಚ್ಚೋದಕ್ಕೆ ಬೀದಿಯವರು ಬರಬೇಕಾ. ಇವಳಮ್ಮ ಗಾಲಿಕುರ್ಚಿಯಲ್ಲಿ ಕೂತು ನಕ್ಕಳು, ಬಿಡೇ, ನಿಮ್ಮಪ್ಪನ ಕೈಗೆ ನಾನೇನು ಹೊಸಬಳಾ, ಇಷ್ಟು ವರ್ಷ ಮಾತಲ್ಲಿ ಚುಚ್ಚಿದ್ದಾರೆ, ಇನ್ನು ಸೂಜಿಯಲ್ಲಿ ಚುಚ್ಚಲಿ.

ಮೂಳೆ ವಾರ್ಡಿನ ಸಿಸ್ಟರ್ ಹೇಳಿಕೊಟ್ಟಿದ್ದರು, ಹೇಳಿಕೊಡಲಿಲ್ಲ ಅಂತ ಹೇಗೆ ಹೇಳಲಿ, ಮಂಚದ ಪಕ್ಕ ನಿಂತು, ಪುಟ್ಟ ಸಿರಿಂಜು, ಔಷಧಿ ತುಂಬಿಸಿಯೇ ಬರುತ್ತದೆ, ಹೊಕ್ಕುಳಿಂದ ಎರಡು ಇಂಚು ಬಿಟ್ಟು ಹೊಟ್ಟೆ ಚರ್ಮಾನ ಹೀಗೆ ಮಡಿಕೆ ಹಿಡೀರಿ, ಮಡಿಕೆ — ಆ ಮಾತು ಕೇಳಿದ್ದೇ ತಡ ನನಗೆ ಉಳಿದದ್ದು ಬೇಕಾಗಲಿಲ್ಲ, ಮಡಿಕೆ ಹಿಡಿಯುವುದನ್ನು ನನಗೆ ಹೇಳಿಕೊಡುತ್ತಾರೆಯೇ, ನನ್ನ ಕಣ್ಣು ಸಿಸ್ಟರ್ ಯೂನಿಫಾರ್ಮಿನ ತೋಳಿನ ಮೇಲಿತ್ತು, ಹೊಲಿದವರು ಬಲತೋಳನ್ನು ಅರ್ಧ ಇಂಚು ಹಿಂದಕ್ಕೆ ಕೂರಿಸಿದ್ದರು, ಕೈ ಎತ್ತಿದಾಗಲೆಲ್ಲ ಬೆನ್ನ ಮೇಲೆ ನಿರಿಗೆ ಬೀಳುತ್ತಿತ್ತು, ಅದನ್ನೇ ನೋಡುತ್ತ ಹೂಂ ಹೂಂ ಅನ್ನುತ್ತಿದ್ದೆ. ನೇರ ಅಂದರು. ನೇರ ಅಂದದ್ದು ಕಿವಿಗೆ ಬಿದ್ದಿದೆ. ನೇರವಾಗಿ ಮೇಲಿಂದ ಕೆಳಗೆ, ಮೊಳೆ ನಿಲ್ಲಿಸಿದ ಹಾಗೆ, ಪೂರ್ತಿ ಒಳಗೆ, ನಿಧಾನಕ್ಕೆ ಒತ್ತಿ, ಹತ್ತು ಎಣಿಸಿ, ಆಮೇಲೆ ಉಜ್ಜಬೇಡಿ, ಅರ್ಥ ಆಯ್ತಾ, ಒಂದು ಸಲ ನೀವೇ ಮಾಡಿ ತೋರಿಸಿ. ಬೇಡ ಸಿಸ್ಟರ್, ನಮ್ಮದು ಇದೇ ಕಸುಬು, ಅಂದೆ. ಅವರಿಗೂ ಕೆಲಸವಿತ್ತು, ಹೋದರು.

ಟೈಲರ್ ಆದವನು ಮಡಿಕೆಯನ್ನು ಮೇಲಿಂದ ಚುಚ್ಚುವುದಿಲ್ಲ, ಯಾವತ್ತೂ ಇಲ್ಲ, ಎರಡು ಬೆರಳಲ್ಲಿ ಎತ್ತಿ ಹಿಡಿಯುತ್ತಾನೆ, ಸೂಜಿಯನ್ನು ಮಲಗಿಸುತ್ತಾನೆ, ಈ ಬದಿಯಿಂದ ಹಾಕಿ ಆ ಬದಿಯಿಂದ ತೆಗೆಯುತ್ತಾನೆ, ಇದನ್ನು ಯೋಚಿಸಿ ಮಾಡುತ್ತಾನೆಯೇ, ನಡೆಯುವಾಗ ಯಾವ ಕಾಲು ಮೊದಲು ಎಂದು ಯೋಚಿಸುತ್ತೇವೆಯೇ. ಮೊದಲ ದಿನ, ಒಂಬತ್ತು ಗಂಟೆ, ಮನೆ ಮುಂದಿನ ಅಂಗಡಿ ಬಾಗಿಲು ತೆಗೆಯುವ ಮುಂಚೆ, ಅವಳು ದಿಂಬಿಗೆ ಒರಗಿ ಅಂಗಿ ಮೇಲಕ್ಕೆತ್ತಿ ಕಣ್ಣು ಮುಚ್ಚಿಕೊಂಡಳು, ಒಣಕಲು ಹೊಟ್ಟೆ ಅವಳದು, ಒಂದೇ ಮಗು ಹೆತ್ತ ಹೊಟ್ಟೆ, ಎತ್ತಿದರೆ ಹೆಬ್ಬೆರಳ ದಪ್ಪದ ಮಡಿಕೆಯೂ ಸಿಗಲಿಲ್ಲ, ತೆಳು ವಾಯಿಲ್ ಬಟ್ಟೆಯ ಹಾಗೆ, ಸೂಜಿ ಮಲಗಿಸಿದೆ, ಹಾಕಿದೆ, ಒತ್ತಿದೆ, ಎಷ್ಟು ಸಲೀಸು. ಅಯ್ಯೋ, ಎರಡು ಸಲ ಚುಚ್ಚಿದ ಹಾಗಾಯ್ತಲ್ರೀ, ಅಂದಳು. ನಿನ್ನ ಹೆದರಿಕೆ ಒಂದು ಸಲ, ಸೂಜಿ ಒಂದು ಸಲ, ಅಂದೆ. ಲಂಗದ ಪಟ್ಟಿ ಒದ್ದೆ ಆಯ್ತಲ್ರೀ. ಸ್ಪಿರಿಟ್ ಕಣೆ ಅದು, ಹತ್ತಿಯಲ್ಲಿ ಒರೆಸಿದ್ನಲ್ಲ. ಸ್ಪಿರಿಟ್ ಆರಿಹೋಗುತ್ತೆ ಅಲ್ವಾ. ಎಲ್ಲಾ ನಿನಗೇ ಗೊತ್ತಿದ್ರೆ ನೀನೇ ಚುಚ್ಚಿಕೋ — ಅಂದೆನಲ್ಲ, ಅಂದುಬಿಟ್ಟೆನಲ್ಲ, ಆಮೇಲೆ ಅವಳು ಒದ್ದೆಯ ಮಾತೇ ಎತ್ತಲಿಲ್ಲ.

ಎತ್ತಲಿಲ್ಲ, ಆದರೆ ಮೂರನೇ ದಿನದಿಂದ ಸೊಂಟಕ್ಕೆ ಒಂದು ಚೂರು ಬಟ್ಟೆ ಸಿಕ್ಕಿಸಿಕೊಂಡು ಕಾಯುತ್ತಿದ್ದಳು, ಅಂಗಡಿಯ ಕತ್ತರಿಸಿದ ಚೂರು, ನೀಲಿಯೋ ಕಂದೋ, ಯಾಕೆ ಅಂತ ನಾನು ಕೇಳಲಿಲ್ಲ, ಅವಳು ಹೇಳಲಿಲ್ಲ. ಅಂಗಡಿಯಲ್ಲೂ ಹಾಗೆಯೇ ಇದ್ದಳು, ಮೂವತ್ತೊಂದು ವರ್ಷ ನನ್ನ ಪಕ್ಕದ ಸ್ಟೂಲಿನಲ್ಲಿ ಕೂತು ಕಾಜಾ ಹಾಕಿದಳು, ಗುಂಡಿ ಹಚ್ಚಿದಳು, ನಾನು ಅಳತೆ ತಪ್ಪಿ ಕತ್ತರಿಸಿದ್ದನ್ನು ಬಾಯಿಬಿಡದೆ ಒಳಗಿಂದೊಳಗೆ ಪಟ್ಟಿ ಕೊಟ್ಟು ಸರಿಮಾಡುತ್ತಿದ್ದಳು, ಗಿರಾಕಿಯೆದುರು ಒಂದು ಮಾತಿಲ್ಲ, ಗಿರಾಕಿ ಹೋದ ಮೇಲೂ ಇಲ್ಲ. ನನ್ನ ತಪ್ಪಿಗೆಲ್ಲ ಚೂರು ಬಟ್ಟೆ ಹಚ್ಚುವುದೇ ಅವಳ ಕೆಲಸವಾಗಿತ್ತು, ಇದಕ್ಕೂ ಹಚ್ಚಿದಳು, ಇದಕ್ಕೆ ಹಚ್ಚಬಾರದಿತ್ತು ಕಣೆ, ಇದೊಂದಕ್ಕೆ ನನ್ನ ಮುಖಕ್ಕೆ ಉಗಿದು ಹೇಳಬೇಕಿತ್ತು. ಹೇಳಿದಳಲ್ಲ, ಹೇಳದೇ ಏನು, ಎಂಟನೇ ದಿನವೋ ಏನೋ, ಹೊಟ್ಟೆ ಮೇಲಿನ ಕೆಂಪು ಚುಕ್ಕೆಗಳ ಸಾಲು ನೋಡಿಕೊಂಡು, ಏನ್ರೀ, ನನ್ನ ಹೊಟ್ಟೆಗೆ ಅಂಚು ಹೊಲೀತಿದ್ದೀರಾ, ಎಷ್ಟು ನೀಟಾಗಿದೆ, ಅಂದಳು, ಇಬ್ಬರೂ ನಕ್ಕೆವು. ನನಗೆ ಹೆಮ್ಮೆ. ಚುಕ್ಕೆಯಿಂದ ಚುಕ್ಕೆಗೆ ಕಾಲಿಂಚು, ಎಲ್ಲೂ ಡೊಂಕಿಲ್ಲ.

ನಾಲ್ಕನೇ ದಿನ ನಾನು ನೋಡಿದೆ. ಇಲ್ಲ, ನೋಡಲಿಲ್ಲ, ಬೆಳಕಿತ್ತು ಅಷ್ಟೇ, ಕಿಟಕಿ ತೆರೆದಿತ್ತು, ಬಿಸಿಲು ನೇರ ಅವಳ ಹೊಟ್ಟೆಯ ಮೇಲೆ ಬಿದ್ದಿತ್ತು, ಮಡಿಕೆಯ ಆಚೆ ಬದಿಯಲ್ಲಿ, ನನ್ನ ಹೆಬ್ಬೆರಳ ಪಕ್ಕದಲ್ಲೇ, ಒಂದು ಹನಿ, ಗುಂಡಗೆ, ಬಿಸಿಲಿಗೆ ಹೊಳೆಯುತ್ತಿತ್ತು — ಹೆಚ್ಚಾದದ್ದು ಹೊರಗೆ ಬಂದಿದೆ ಅಂದುಕೊಂಡೆ, ಬೆವರು ಅಂದುಕೊಂಡೆ, ಯಾವುದೋ ಒಂದು ಅಂದುಕೊಂಡೆ, ಬೆರಳಿಂದ ಒರೆಸಿ ಅಂಗಡಿಗೆ ಹೋದೆ, ಕೋಟಿನ ಟ್ರಯಲ್ ಇತ್ತು ಅವತ್ತು. ಮನಸ್ಸಿನಲ್ಲಿ ಎಲ್ಲೋ ಏನೋ ಚುರುಕ್ಕೆಂದಿತ್ತು, ಸುಳ್ಳು ಹೇಳುವುದಿಲ್ಲ, ಫೋನ್ ತೆಗೆದು ಆ ಸಿಸ್ಟರನ್ನು ಕೇಳಬಹುದಿತ್ತು, ನಂಬರು ಕೊಟ್ಟಿದ್ದರು, ಏನಾದ್ರೂ ಸಂಶಯ ಬಂದ್ರೆ ಕೇಳಿ ಅಂದಿದ್ದರು, ಕೇಳಿದರೆ ನಮ್ಮದು ಇದೇ ಕಸುಬು ಅಂದವನ ಮಾನ ಏನಾಗಬೇಕು.

ನೀರು ಕುಡಿಸಿ ಅಂದಿದ್ದರು, ಅವಳು ಕುಡಿಯುತ್ತಿರಲಿಲ್ಲ, ಕುಡಿದರೆ ಬಚ್ಚಲಿಗೆ ಎದ್ದು ಹೋಗಬೇಕು, ಆ ಕಾಲು ನೆಲಕ್ಕೆ ಊರುವಂತಿಲ್ಲ, ನನ್ನನ್ನು ಕರೆಯಬೇಕು, ಕರೆದರೆ ನಾನು ಮೆಷಿನ್ ನಿಲ್ಲಿಸಿ ಬರಬೇಕು, ಬರುತ್ತಿದ್ದೆ, ಬರುವಾಗ ಮುಖ ಹೇಗಿರುತ್ತಿತ್ತೋ ಅವಳಿಗೆ ಗೊತ್ತು, ಅದಕ್ಕೇ ಲೋಟ ತುಂಬಿದ್ದು ತುಂಬಿದ ಹಾಗೇ ಇರುತ್ತಿತ್ತು. ಮೂರು ದಿನದ ಹಿಂದೆ ಅಂದಳು, ಮೀನಖಂಡ ಯಾಕೋ ಹಿಂಡಿದ ಹಾಗಾಗುತ್ತೆ ಕಣ್ರೀ, ಪ್ಲಾಸ್ಟರ್ ಒಳಗೆ ಬಿಸಿ ಬಿಸಿ. ಹೊಸ ಬ್ಲೌಸ್ ಬಿಗಿ ಇರಲ್ವಾ, ನಾಲ್ಕು ದಿನಕ್ಕೆ ಸಡಿಲ ಆಗುತ್ತೆ, ಅಂದೆ, ನನಗೆ ಎಲ್ಲವೂ ಬಟ್ಟೆ, ಕಾಲೂ ಬಟ್ಟೆ, ಹೊಟ್ಟೆಯೂ ಬಟ್ಟೆ. ಅವಳು ಬಿದ್ದದ್ದಾದರೂ ಯಾಕೆ, ಮೇಲಿನ ಹಲಗೆಯಿಂದ ಲೈನಿಂಗ್ ಬಟ್ಟೆ ತೆಗಿ ಅಂತ ನಾನೇ ಅಂದದ್ದು, ಸ್ಟೂಲ್ ಅಲ್ಲಾಡುತ್ತೆ ಕಣ್ರೀ, ಏನಾಗಲ್ಲ ಹತ್ತು, ಹತ್ತಿದಳು, ಹಿಮ್ಮಡಿಯ ಮೇಲೆ ಪ್ಲೇಟು, ಏಳು ಸ್ಕ್ರೂ. ಇವತ್ತು ಬೆಳಿಗ್ಗೆ ಒಂಬತ್ತಕ್ಕೆ ಚುಚ್ಚಿದೆ, ಒಂಬತ್ತೂವರೆಗೆ ಅಂಗಡಿಯಲ್ಲಿದ್ದೆ, ಒಳಗಿಂದ ಏನೋ ಬಿದ್ದ ಸದ್ದು, ಲೋಟ, ಹೋಗಿ ನೋಡಿದರೆ ಮಂಚದ ಅಂಚು ಹಿಡಿದು ಕೂತಿದ್ದಾಳೆ, ಬಾಯಿ ತೆರೆದಿದೆ, ಉಸಿರು ಬರುತ್ತಿಲ್ಲ, ತುಟಿ ನೇರಳೆ, ಎದೆಯನ್ನು ಒಂದು ಕೈಯಲ್ಲಿ ಒತ್ತಿಕೊಂಡು ಇನ್ನೊಂದು ಕೈಯಿಂದ ಆ ಚೂರು ಬಟ್ಟೆಯನ್ನು ದಿಂಬಿನ ಕೆಳಗೆ ತಳ್ಳುತ್ತಿದ್ದಾಳೆ. ಆ ಸ್ಥಿತಿಯಲ್ಲಿ. ನನಗೆ ಕಾಣಬಾರದು ಅಂತ.

ಹನ್ನೆರಡು ಹನ್ನೊಂದು. ಹನ್ನೊಂದೂವರೆಗೆ ಒಳಗಿನ ಸಿಸ್ಟರ್ ಹೊರಗೆ ಬಂದು ಕೇಳಿದರು, ಇವರ ಹೊಟ್ಟೆ ಮೇಲೆ ಗುರುತು ಎಣಿಸಿದೆ, ಇಪ್ಪತ್ತೆಂಟು ಇದೆ, ನೀವು ದಿನಕ್ಕೆ ಒಂದೇ ತಾನೇ ಕೊಟ್ಟಿದ್ದು, ಒಂದೊಂದಕ್ಕೂ ಎರಡೆರಡು ಯಾಕಿದೆ? ಒಂದು ಕಡೆ ಹೊಕ್ಕಿದೆ, ಒಂದು ಕಡೆ ಹೊರಬಂದಿದೆ, ಇಪ್ಪತ್ತೆಂಟು, ಹದಿನಾಲ್ಕು ಹೊಲಿಗೆ, ದಾರವಿಲ್ಲದ ಹೊಲಿಗೆ, ಔಷಧಿಯೆಲ್ಲ ಆಚೆ ಬದಿಯಿಂದ ಲಂಗದ ಪಟ್ಟಿಗೆ, ಚೂರು ಬಟ್ಟೆಗೆ, ಅವಳ ಮೈಯೊಳಗೆ ಒಂದು ಹನಿಯೂ ಇಲ್ಲ, ಎಲ್ಲ ಒಂದೇ ಸಲಕ್ಕೆ ತಿಳಿಯಿತು, ತಿಳಿದೂ — ಗೊತ್ತಿಲ್ಲ ಸಿಸ್ಟರ್, ಅಂದೆ. ಮಗಳು ಪಕ್ಕದಲ್ಲಿದ್ದಳು. ಗೊತ್ತಿಲ್ಲ. ಎರಡೇ ಮಾತು ಆಡಿದ್ದರೆ ಸಾಕಿತ್ತು, ತಪ್ಪಾಗಿ ಚುಚ್ಚಿದ್ದೆ ಅಂತ, ಔಷಧಿ ಅವಳಿಗೆ ತಿರುಗಿಬಿದ್ದಿಲ್ಲ ಸಾರ್, ಔಷಧಿ ಅವಳನ್ನು ಮುಟ್ಟೇ ಇಲ್ಲ, ಕೊಡಿ, ಆ ಬೀರುವಿನಲ್ಲಿ ಇದೆಯಲ್ಲ ಅದನ್ನೇ ಕೊಡಿ. ಆ ಬೀರು ಇಲ್ಲಿಂದ ಕಾಣುತ್ತದೆ, ಗಾಜಿನ ಬಾಗಿಲು, ಹತ್ತು ಹೆಜ್ಜೆ, ಅದೇ ಪೆಟ್ಟಿಗೆಗಳು, ಸಾಲಾಗಿ. ಇನ್ನೈದು ನಿಮಿಷಕ್ಕೆ ಹೇಳುತ್ತೇನೆ, ಮಗಳು ಬಾತ್‌ರೂಮಿಗೆ ಹೋದಾಗ ಹೇಳುತ್ತೇನೆ, ಆ ಬೇರೆ ಔಷಧಿ ಬಂದುಬಿಟ್ಟರೆ ಹೇಳುವುದೇ ಬೇಡ, ಹೀಗೇ ಮುಳ್ಳು ನಡುಗಿ ನಡುಗಿ ಇಲ್ಲಿಗೆ ಬಂತು, ನಾಯಿಗಿಂತ ಕಡೆ ನಾನು.

ಬಾಗಿಲು ತೆರೆಯಿತು, ಡಾಕ್ಟರು, ಹಿಂದೆ ಸಿಸ್ಟರ್, ಸಿಸ್ಟರ್ ಕೈಯಲ್ಲಿ ಒಂದು ಟವೆಲ್ಲು, ಒಂದು ಸಿರಿಂಜು. ಉಸಿರು ಇನ್ನೂ ಇಳೀತಿದೆ, ಬೇರೆ ಔಷಧಿ ದಾರಿಯಲ್ಲಿದೆ, ಇನ್ನೂ ಮುಕ್ಕಾಲು ಗಂಟೆ ಅಂತಿದ್ದಾರೆ, ಅಷ್ಟು ಹೊತ್ತು ತಡೀತಾರೋ ಇಲ್ವೋ, ಸಿಸ್ಟರಿಗೆ ಆ ಗುರುತುಗಳ ಮೇಲೆ ಏನೋ ಸಂಶಯ, ನೀವು ಹೇಗೆ ಕೊಡ್ತಿದ್ರಿ ಅಂತ ಒಂದು ಸಲ ತೋರಿಸಿ, ಇದರಲ್ಲಿ ಬರೀ ನೀರಿದೆ. ಟವೆಲ್ಲನ್ನು ಕೈಗೆ ಕೊಟ್ಟರು. ಬಟ್ಟೆ. ಮಡಿಕೆ ಹಿಡಿದೆ, ಬೆರಳು ನಡುಗುತ್ತಿದೆ, ಮೊಳೆ ನಿಲ್ಲಿಸಿದ ಹಾಗೆ, ಮೇಲಿಂದ ಕೆಳಗೆ, ಈಗ ಎಲ್ಲ ನೆನಪಿದೆ, ಒಂದಕ್ಷರ ಬಿಡದೆ ನೆನಪಿದೆ, ಸೂಜಿಯನ್ನು ನೆಟ್ಟಗೆ ನಿಲ್ಲಿಸಿ ಚುಚ್ಚಿದೆ. ಸರಿಯಾಗೇ ಇದೆಯಲ್ಲ, ಅಂದರು ಡಾಕ್ಟರು, ಸಿಸ್ಟರ್ ಕಡೆ ನೋಡಿದರು, ಸಿಸ್ಟರ್ ತಲೆ ತಗ್ಗಿಸಿದರು, ಹಾಗಾದ್ರೆ ಕಾಯೋದೇ, ಬೇರೆ ದಾರಿ ಇಲ್ಲ, ಅಂದು ತಿರುಗಿದರು. ಮಗಳು ನನ್ನ ತೋಳು ಹಿಡಿದಳು, ಪಾಪ ಅಪ್ಪಾ, ನೀನು ಎಷ್ಟು ಚೆನ್ನಾಗಿ ಮಾಡಿದ್ದೀಯ, ನಿನ್ನದೇನೂ ತಪ್ಪಿಲ್ಲ, ಅಂದಳು — ಬಾಗಿಲ ಸಂದಿಯಲ್ಲಿ ಆ ಐದು ಬೆರಳು.

ಹಾಗಲ್ಲ ಸಾರ್, ಅಂದೆ. ಯಾರ ದನಿ ಇದು, ನನ್ನದೇ. ಸಾರ್, ಹಾಗಲ್ಲ, ಹೀಗೆ. ಸೂಜಿ ಎಳೆದು, ಮಡಿಕೆ ಹಿಡಿದು, ಮಲಗಿಸಿದೆ, ಕೈಗೆ ಎಷ್ಟು ಸಲೀಸು, ನಡುಕವೇ ಇಲ್ಲ, ಈ ಬದಿಯಿಂದ ಹೋಯಿತು, ಆ ಬದಿಯಲ್ಲಿ ತುದಿ ಕಂಡಿತು, ಸ್ವಲ್ಪವೇ ಒತ್ತಿದೆ. ಸಿಸ್ಟರ್ ಬಾಯಿಗೆ ಕೈ ಇಟ್ಟುಕೊಂಡರು. ಒಂದು ಗಂಟೆ ಆಯ್ತಲ್ರೀ ನಾನು ನಿಮ್ಮನ್ನ ಕೇಳಿ, ಒಂದು ಗಂಟೆ, ಅಂದರು ಡಾಕ್ಟರು, ಅಂದದ್ದು ಅಷ್ಟೇ, ಓಡಿದರು, ಸಿಸ್ಟರ್ ಬೀರುವಿನ ಕಡೆ ಓಡಿದರು, ಗಾಜಿನ ಬಾಗಿಲು ಗೋಡೆಗೆ ಬಡಿಯಿತು, ಮಗಳ ಕೈ ನನ್ನ ತೋಳಿನ ಮೇಲಿಲ್ಲ, ಯಾವಾಗ ತೆಗೆದಳೋ, ನನ್ನ ಕೈಯನ್ನೇ ನೋಡುತ್ತಿದ್ದಾಳೆ, ಒಳಗೆ ಇಷ್ಟು ಹೊತ್ತು ಕೇಳುತ್ತಿದ್ದ, ಅವಳ ಎದೆಬಡಿತ ಎಣಿಸುವ ಯಂತ್ರದ ಸದ್ದು ಒಂದೇ ಸಮನೆ ಆಗಿದೆಯೋ, ನಿಂತಿದೆಯೋ, ನನ್ನ ಕಿವಿಯೇ ನಿಂತಿದೆಯೋ, ತಲೆ ಎತ್ತಿದರೆ ಬಾಗಿಲು ಕಾಣುತ್ತದೆ, ಎತ್ತಲಾರೆ, ಟವೆಲ್ಲಿನ ಮಡಿಕೆ ಇನ್ನೂ ನನ್ನ ಎರಡು ಬೆರಳಿನ ನಡುವೆ ಇದೆ, ಬಿಡಲಾರೆ, ಆಚೆ ಬದಿಯಲ್ಲಿ, ಸೂಜಿಯ ತುದಿಯಲ್ಲಿ, ಹನಿ, ಗುಂಡಗೆ, ಹೊಳೆಯುತ್ತ, ಬೀಳುತ್ತಿಲ್ಲ, ಮಡಿಕೆಯ ಆಚೆ, ಒಂದು ಹನಿ